ಹತ್ತನೆಯ ಪ್ರಶ್ನೆಗೆ ಉತ್ತರ

ಹುಣಸೂರು
6 ಜುಲೈ 2025

ಅಪ್ಪಾ,

ನನ್ನ ಕೈಬರಹ ನೋಡಿ ನಿನಗೆ ಗಾಬರಿಯಾಗಬಹುದು. ಅವ್ವ ಚೆನ್ನಾಗಿದ್ದಾಳೆ, ಅಜ್ಜಿ ಚೆನ್ನಾಗಿದೆ, ರಾವಂದೂರಿನ ಮನೆಯಲ್ಲಿ ಏನೂ ಆಗಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಹೊಲದಲ್ಲಿ ಗೇಯುತ್ತಿದ್ದ ಚಿಕ್ಕಮಾದಣ್ಣ ಸತ್ತ ಕೇಸಿನಲ್ಲಿ ನೀನು ಜೈಲಿಗೆ ಹೋಗಿ ಎರಡೂವರೆ ವರ್ಷವಾಯಿತು. ನಾನು ಒಂದು ಸಲವೂ ನೋಡಲು ಬರಲಿಲ್ಲ. ಅಲ್ಲಿಂದ ಫೋನ್ ಬಂದರೆ ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದೆ. ಯಾಕೆ ಅಂತ ನೀನು ಕೇಳಲಿಲ್ಲ. ಈಗ ನಾನು ಬರೆಯುತ್ತಿರುವುದು ಒಂದು ಆಟದ ವಿಷಯ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿ ಪ್ರಮೀಳಾ ಅಂತ ಇದ್ದಾಳೆ. ಕೃಷ್ಣರಾಜನಗರದವಳು, ಕೊನೆಯ ವರ್ಷದ ಬಿ.ಎ. ಭಾನುವಾರ ಮಧ್ಯಾಹ್ನ ಊಟದ ಕೋಣೆಯ ಮೂಲೆ ಮೇಜಿನಲ್ಲಿ ಅವಳು ನಮಗೆ ಒಂದು ಆಟ ಆಡಿಸುತ್ತಾಳೆ. ಮಣೆ ಇಲ್ಲ, ಕಾಯಿ ಇಲ್ಲ. ಅವಳು ಕಥೆ ಹೇಳುತ್ತಾ ಹೋಗುತ್ತಾಳೆ, ನಾವು ಒಬ್ಬೊಬ್ಬರೂ ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಬೇಕು. ‘ಪಾಳುಬಿದ್ದ ಕೋಟೆ ಬಾಗಿಲಲ್ಲಿ ನಿಂತಿದ್ದೀರ. ಒಳಗೆ ಯಾರೋ ಅಳ್ತಾವ್ರೆ. ಏನ್ ಮಾಡ್ತೀರ?’ ಅಂತ ಕೇಳುತ್ತಾಳೆ. ಒಬ್ಬಳು ಬಾಗಿಲು ಒದೆಯುತ್ತೇನೆ ಅನ್ನುತ್ತಾಳೆ, ಇನ್ನೊಬ್ಬಳು ಮಂತ್ರ ಹಾಕುತ್ತೇನೆ ಅನ್ನುತ್ತಾಳೆ. ಅದು ನಡೆಯುತ್ತದೋ ಇಲ್ಲವೋ ಅಂತ ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ.

ನಾವು ಐದು ಜನ ಇದ್ದೆವು. ಎಚ್.ಡಿ. ಕೋಟೆಯವಳೊಬ್ಬಳು ಮದುವೆ ಗೊತ್ತಾಗಿ ಹಾಸ್ಟೆಲ್ ಬಿಟ್ಟು ಹೋದಳು. ಅವಳ ಜಾಗಕ್ಕೆ ಯಾರು ಅಂತ ಮಾತಾಡುವಾಗ ನಾನು, ‘ನಮ್ಮಪ್ಪ ಕಾಗದದಲ್ಲಿ ಆಡಬಹುದಾ?’ ಅಂದುಬಿಟ್ಟೆ. ‘ನಿಮ್ಮಪ್ಪ ಎಲ್ಲವ್ರೆ?’ ಅಂದಳು ಪ್ರಮೀಳಾ. ಹೇಳಿದೆ. ಇಲ್ಲಿ ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವಳು, ‘ತಿಂಗಳಿಗೊಂದು ಕಾಗದ ಬಂದ್ರೂ ಸಾಕು ಕಣೆ, ಆಡಿಸ್ತೀನಿ’ ಅಂದಳು.

ಮೊದಲು ನೀನು ಒಂದು ಪಾತ್ರ ಕಟ್ಟಬೇಕು. ಹಾಳೆ ಇಟ್ಟಿದ್ದೇನೆ, ಹತ್ತು ಪ್ರಶ್ನೆ ಇವೆ. ಹೆಸರೇನು, ಯಾವ ಕುಲ, ಏನು ಕಸುಬು, ಯಾವುದಕ್ಕೆ ಹೆದರುತ್ತಾನೆ, ಹೀಗೆ. ಕುಲ ಅಂದರೆ ನಮ್ಮ ಜಾತಿ ಅಲ್ಲ. ಉದ್ದ ಕಿವಿಯ ಕಾಡುಜನ, ಗವಿಯಲ್ಲಿರುವ ಗಿಡ್ಡ ಜನ, ಮನುಷ್ಯರು, ಯಾರು ಬೇಕಾದರೂ ಆಗಬಹುದು. ಇಷ್ಟ ಬಂದರೆ ಆಡು. ಇಲ್ಲದಿದ್ದರೆ ಇಲ್ಲ ಅಂತ ಬರೆ.

ಸಿಂಚನಾ

•

ಮೈಸೂರು ಕಾರಾಗೃಹ
19 ಜುಲೈ 2025

ಮಗಳೇ ಸಿಂಚನಾ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಬರುವ ಕಾಗದವನ್ನೆಲ್ಲ ಇಲ್ಲಿ ಒಡೆದು ಓದಿ ಕೊಡುತ್ತಾರೆ. ಕೊಡುವಾಗ ಸಾಹೇಬರು, ‘ಏನ್ ಕಂಠಪ್ಪ, ಮಗಳು ಮಂತ್ರವಾದಿ ಆಗು ಅಂತವ್ಳೆ’ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಬ್ಯಾರಕ್ಕಿಗೆ ಬಂದು ಕೂತು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ.

ದಾಳ ಅಂದಮೇಲೆ ಇದು ಪಣ ಕಟ್ಟುವ ಆಟ ಅಲ್ಲ ತಾನೆ? ಅಲ್ಲ ಅಂತ ನಂಬಿ ಆಡುತ್ತೇನೆ. ಇಲ್ಲಿ ಸೋಮಶೇಖರ್ ಅಂತ ಒಬ್ಬರಿದ್ದಾರೆ, ಹೊರಗೆ ಮೇಷ್ಟ್ರಾಗಿದ್ದವರು. ಅವರನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಓದಿಸಿದೆ. ನನಗೆ ಉದ್ದ ಕಿವಿ ಬೇಡ, ಮನುಷ್ಯನೇ ಇರಲಿ. ಕಸುಬಿನ ಪಟ್ಟಿಯಲ್ಲಿ ಯೋಧ, ಕಳ್ಳ, ವೈದ್ಯ, ಮಾಂತ್ರಿಕ ಅಂತೆಲ್ಲ ಇದೆ. ನೀವೆಲ್ಲ ತಿಂಗಳುಗಟ್ಟಲೆ ಕಾಡು ಮೇಡು ಅಲೆಯುತ್ತೀರಲ್ಲ, ಅನ್ನ ಬೇಯಿಸುವವರು ಯಾರು? ಅದನ್ನು ಯಾರೂ ಬರೆದಿಲ್ಲ. ನಾನು ಬುತ್ತಿ ಹೊರುವವನು ಆಗುತ್ತೇನೆ. ಒಲೆ ಹೂಡುತ್ತೇನೆ, ನೀರು ತರುತ್ತೇನೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತೇನೆ. ಇಲ್ಲಿಯೂ ನನ್ನನ್ನು ಅಡುಗೆ ಮನೆಗೇ ಹಾಕಿದ್ದಾರೆ. ಏಳುನೂರು ಜನಕ್ಕೆ ಮುದ್ದೆ ಕಟ್ಟಿ ಕೈ ಪಳಗಿದೆ.

ಹೆಸರು ದ್ಯಾವಣ್ಣ. ಹೆದರಿಕೆ ಏನು ಅಂದರೆ, ಜೊತೆಯವರು ತನ್ನನ್ನು ಬಿಟ್ಟು ಮುಂದಕ್ಕೆ ಹೋಗಿಬಿಡುತ್ತಾರೆ ಅಂತ.

ಹತ್ತನೆಯದು, ‘ಈ ಪಾತ್ರ ಯಾರಿಗೂ ಹೇಳದೆ ಇಟ್ಟುಕೊಂಡಿರುವ ಸಂಗತಿ ಯಾವುದು?’ ಅಂತ ಇದೆ. ದ್ಯಾವಣ್ಣ ಅಡುಗೆಯವನು, ಅವನಿಗೆ ಅಂಥದ್ದೇನಿರುತ್ತದೆ. ಅದನ್ನು ಖಾಲಿ ಬಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

•

ಹುಣಸೂರು
10 ಆಗಸ್ಟ್ 2025

ಅಪ್ಪಾ,

ದ್ಯಾವಣ್ಣನನ್ನು ಎಲ್ಲರೂ ಒಪ್ಪಿಕೊಂಡರು. ಇಷ್ಟು ವಾರ ನಾವು ಏನು ತಿಂದೆವು ಅಂತ ಯಾರಿಗೂ ಹೊಳೆದೇ ಇರಲಿಲ್ಲ ಅಂತ ಪ್ರಮೀಳಾ ತಲೆ ಚಚ್ಚಿಕೊಂಡಳು. ನಿನ್ನ ಪರವಾಗಿ ನಾನೇ ದಾಳ ಉರುಳಿಸಿದೆ. ಬಲ ಹದಿನೈದು, ತಾಳಿಕೆ ಹದಿನಾರು. ವಿವೇಕ ಮಾತ್ರ ಆರು ಬಿತ್ತು. ಇನ್ನೊಂದು ಸಲ ಉರುಳಿಸಲು ಬಿಡಲಿಲ್ಲ.

ಆದರೆ ಹತ್ತನೆಯ ಪ್ರಶ್ನೆ ಖಾಲಿ ಬಿಟ್ಟರೆ ಪಾತ್ರ ಆಟಕ್ಕೆ ಇಳಿಯುವಂತಿಲ್ಲ. ‘ಅದಿಲ್ದಿದ್ರೆ ಅವನು ಬರೀ ಹೆಸರು ಕಣೆ. ಮನುಷ್ಯ ಅಲ್ಲ’ ಅಂತಾಳೆ ಪ್ರಮೀಳಾ. ನಿನಗೆ ಸುಲಭವಾಗಲಿ ಅಂತ ನನ್ನ ಪಾತ್ರದ್ದು ಬರೆಯುತ್ತೇನೆ. ಇದನ್ನು ಪ್ರಮೀಳಾ ಬಿಟ್ಟರೆ ಯಾರೂ ಓದಿಲ್ಲ. ಅಲ್ಲಿ ಓದುವವರಿಗೂ ಹೇಳುತ್ತೇನೆ, ಇದು ಆಟ.

ನನ್ನ ಪಾತ್ರದ ಹೆಸರು ಹೊಂಗೆ. ಕೋಟೆ ಕಾವಲುಗಾರನ ಮಗಳು. ಆ ಕೋಟೆಗೆ ಕಾಡುಮೃಗ ನುಗ್ಗದ ಹಾಗೆ ರಾತ್ರಿಯಾದ ಮೇಲೆ ಸುತ್ತಲಿನ ಕಂದಕಕ್ಕೆ ಬೆಂಕಿ ಬಿಡುತ್ತಾರೆ. ಬಿಡುವ ಮೊದಲು ಕಾವಲುಗಾರ ಸುತ್ತ ಒಂದು ಸುತ್ತು ಹೋಗಿ, ಯಾರಾದರೂ ಇದ್ದೀರಾ ಅಂತ ಕೂಗಿ ಬರುತ್ತಾನೆ. ಒಂದು ದಿನ ಅವನು ಊರಿಗೆ ಹೋಗಿದ್ದವನು ಬರುವುದು ತಡವಾಯಿತು. ಹೊಂಗೆಗೆ ಹದಿಮೂರು ವರ್ಷ. ಅಪ್ಪನಿಗೆ ಸಹಾಯವಾಗಲಿ ಅಂತ ಕತ್ತಲಾಗುವ ಮೊದಲೇ ತಾನೇ ಬೆಂಕಿ ಬಿಟ್ಟಳು. ಕೂಗಿ ಬರಲಿಲ್ಲ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿಸುತ್ತಿದ್ದ ಒಬ್ಬನು ಮೇಕೆ ಹುಡುಕಿಕೊಂಡು ಆ ಕಡೆಯಿಂದ ಬರುತ್ತಿದ್ದ. ಅಪ್ಪ ಬಂದು, ನಾನೇ ಬಿಟ್ಟೆ ಅಂತ ರಾಜನಿಗೆ ಹೇಳಿದ. ಅಪ್ಪ ಈಗ ಸೆರೆಮನೆಯಲ್ಲಿದ್ದಾನೆ. ಹೊಂಗೆ ಓದಿಕೊಂಡು, ಉಂಡುಕೊಂಡು ಇದ್ದಾಳೆ.

ಆಟದಲ್ಲಿ ಎಲ್ಲರೂ ಹೊಂಗೆಗೆ ಎಷ್ಟು ಧೈರ್ಯ ಅನ್ನುತ್ತಾರೆ. ನಾನು ದಾಳ ಎತ್ತಿಕೊಂಡು ಬೇಗ ಉರುಳಿಸಿಬಿಡುತ್ತೇನೆ.

ದ್ಯಾವಣ್ಣನದ್ದು ಬರೆದು ಕಳಿಸು.

ಸಿಂಚನಾ

•

ಮೈಸೂರು ಕಾರಾಗೃಹ
24 ಆಗಸ್ಟ್ 2025

ಸಿಂಚನಾ,

ಆ ಹೊಂಗೆಯನ್ನು ಬದಲಿಸು. ಬೇರೆ ಹೆಸರು, ಬೇರೆ ಕಥೆ ಇಡು. ಆ ಹುಡುಗಿ ಏನೂ ಮಾಡಿಲ್ಲ. ಅವಳು ಒಳಗೆ ಕೂತು ಓದುತ್ತಿದ್ದಳು. ಅವತ್ತು ಅವಳ ಅಪ್ಪ ಅವಳಿಗೆ ಹಾಗೆಯೇ ಹೇಳಿದ್ದ, ಅವಳು ಹಾಗೆಯೇ ನೆನಪಿಟ್ಟುಕೊಳ್ಳಬೇಕು.

ಆಟ ಮನಸ್ಸು ಹಗುರ ಮಾಡಬೇಕು. ಹಾಗಾಗದಿದ್ದರೆ ಬಿಟ್ಟುಬಿಡು. ನಾನು ಆಡುವುದಿಲ್ಲ. ಪ್ರಮೀಳಾಗೆ ಬೇಸರ ಮಾಡಿಕೊಳ್ಳಬೇಡ ಅಂತ ಹೇಳು.

ನಿನಗೆ ಹದಿನೆಂಟು ತುಂಬಿತು. ಹುಟ್ಟಿದ ದಿನ ನೆನಪಿತ್ತು. ಅಡುಗೆ ಮನೆಯಲ್ಲಿ ಪಾಯಸ ಮಾಡುವ ದಿನವೂ ಅದೇ ಬಿತ್ತು.

ಅಪ್ಪ

•

ಹುಣಸೂರು
7 ಸೆಪ್ಟೆಂಬರ್ 2025

ಅಪ್ಪಾ,

ಬದಲಿಸಲಾರೆ. ಇನ್ನು ಆಟದ ಮರೆಯಲ್ಲಿ ಬರೆಯುವುದೂ ಬೇಡ. ಓದುವವರು ಓದಲಿ.

ಪಂಪ್‌ಮನೆಯ ಸ್ವಿಚ್ ಹಾಕಿದ್ದು ನಾನು. ಬೇಲಿ ತಂತಿಗೆ ಕರೆಂಟ್ ಬಿಟ್ಟಿದ್ದು ನಾನು. ದಿನಾ ನೀನು ಒಂಬತ್ತು ಗಂಟೆಗೆ ಬೇಲಿಯುದ್ದಕ್ಕೂ ಕೂಗಿಕೊಂಡು ಹೋಗಿ ಬಂದು ಹಾಕುತ್ತಿದ್ದೆ. ಅವತ್ತು ನೀನು ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದೆ, ಹಂದಿ ಹಿಂದಿನ ದಿನವೇ ಜೋಳಕ್ಕೆ ನುಗ್ಗಿತ್ತು, ನಾನು ಆರೂ ಕಾಲಿಗೇ ಹಾಕಿದೆ. ಏಳಕ್ಕೆ ಮೊದಲೇ ಚಿಕ್ಕಮಾದಣ್ಣ ತಂತಿ ತಗುಲಿ ಹೋಗಿದ್ದ. ನೀನು ನನ್ನ ಎರಡೂ ಭುಜ ಹಿಡಿದುಕೊಂಡು, ‘ನೀನೇನೂ ಮುಟ್ಟಿಲ್ಲ. ಯಾರು ಕೇಳುದ್ರೂ ಒಳಗೆ ಓದ್ತಿದ್ದೆ ಅನ್ನು’ ಅಂದೆ. ಆಮೇಲೆ ಜಾಮೀನಿನ ಮೇಲೆ ಎರಡು ವರ್ಷ ನೀನು ಮನೆಯಲ್ಲೇ ಇದ್ದೆ. ಒಂದೇ ಮನೆಯಲ್ಲಿ ಉಂಡೆವು, ಮಲಗಿದೆವು. ಒಂದು ದಿನವೂ ಆ ಮಾತು ಎತ್ತಲಿಲ್ಲ. ನೀನು ನನಗಾಗಿ ಒಳಗಿದ್ದೀಯ ಅಂತ ಅವ್ವ ದೇವರಿಗೆ ಕೈ ಮುಗಿಯುವಾಗೆಲ್ಲ ನನ್ನನ್ನು ನೋಡುತ್ತಾಳೆ. ನಾನು ನಿನ್ನ ಮುಖ ಹೇಗೆ ನೋಡಲಿ? ಅದಕ್ಕೇ ಬರಲಿಲ್ಲ.

ಹೋದ ವಾರ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಮಾದಣ್ಣನ ಹೆಂಡತಿ ಕೆಂಪಕ್ಕ ಕಂಡಳು. ಕಾಡಂಚಿನ ಅವರ ಹಾಡಿಯ ನಾಲ್ಕು ಹೆಂಗಸರ ಜೊತೆ ವೀರನಹೊಸಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು, ಕೂಲಿ ಮುಗಿಸಿ ಬಂದವಳ ಹಾಗೆ. ತುಂಬ ಬಡವಾಗಿದ್ದಾಳೆ. ನಾನು ಕಂಬದ ಹಿಂದೆ ನಿಂತುಕೊಂಡೆ. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ.

ಈಗ ನನಗೆ ಹದಿನೆಂಟು. ಪ್ರಮೀಳಾಳ ಸೋದರಮಾವ ವಕೀಲರು. ದಸರಾ ರಜೆಯಲ್ಲಿ ಹೋಗಿ ಅವರಿಗೆ ಎಲ್ಲ ಹೇಳುತ್ತೇನೆ. ಮಾಡಿದವಳು ನಾನು ಅಂತ ಬರೆದುಕೊಟ್ಟರೆ ನಿನ್ನನ್ನು ಬಿಡುತ್ತಾರಾ ಅಂತ ಕೇಳುತ್ತೇನೆ. ಬೇಡ ಅನ್ನಬೇಡ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಸಿಂಚನಾ

•

ಮೈಸೂರು ಕಾರಾಗೃಹ
16 ಸೆಪ್ಟೆಂಬರ್ 2025

ಸಿಂಚನಾ,

ವಕೀಲರ ಹತ್ತಿರ ಹೋಗುವ ಮೊದಲು ಇದನ್ನು ಓದು. ಪೂರ್ತಿ ಓದು.

ಅವತ್ತು ಬೆಳಿಗ್ಗೆ ಹೊಗೆಸೊಪ್ಪಿನ ಬೇಲುಗಳನ್ನು ಟೆಂಪೋಗೆ ಹೇರಿದವನು ಚಿಕ್ಕಮಾದು. ಹೇರಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ, ‘ಗೌಡ್ರೆ, ಒಂದು ಮೇಕೆ ತಪ್ಪುಸ್ಕಂಡದೆ. ಸಂದೇಗೆ ನಿಮ್ ಬೇಲಿ ಮಗ್ಗುಲಲ್ಲೇ ಉಡುಕ್ತೀನಿ. ಕರೆಂಟು ಯಾವಾಗ ಬುಡ್ತೀರಿ?’ ಅಂತ ಕೇಳಿದ. ‘ಒಂಬತ್ತು ಗಂಟೆಗಂಟ ಇಲ್ಲ, ಓಗ್ಲಾ’ ಅಂದೆ. ಇದು ನಿನಗೆ ಗೊತ್ತಿಲ್ಲ. ನಿನ್ನ ಅವ್ವನಿಗೂ ಗೊತ್ತಿಲ್ಲ.

ನಾನು ಹರಾಜಿನಿಂದ ಬಂದಾಗ ಆರೂ ಮುಕ್ಕಾಲು ಆಗಿರಲಿಲ್ಲ. ಗಾಡಿ ಇಳಿದಾಗಲೇ ಪಂಪ್‌ಮನೆಯ ಕೆಂಪು ಬಲ್ಬು ಉರಿಯುತ್ತಿರುವುದು ಕಾಣಿಸಿತು. ಕೂಸು ಸ್ವಿಚ್ ಹಾಕಿದೆ ಅಂತ ತಿಳಿಯಿತು. ಹೋಗಿ ಆರಿಸಬೇಕು ಅಂತಲೂ ಅನ್ನಿಸಿತು. ನಿನ್ನ ಅವ್ವ ಕಾಫಿ ತಂದಿಟ್ಟಳು. ನಾನು ಜಗಲಿಯಲ್ಲಿ ಕೂತೆ.

ಯಾಕೆ ಕೂತೆ ಅಂತ ಐದು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಆಯಾಸವಾಗಿತ್ತು. ಜೋಳ ಉರುಳಿಸಿದ ಹಂದಿಗಳ ಮೇಲೆ ಕೋಪ ಇತ್ತು, ಬೇಗ ಹಾಕಿದ್ದು ಒಳ್ಳೆಯದೇ ಆಯಿತು, ಒಂದಾದರೂ ಬೀಳಲಿ ಅನ್ನಿಸಿತು. ಚಿಕ್ಕಮಾದುವಿನ ಮಾತು ನೆನಪಿಗೆ ಬಂತು. ಅವನು ಇಷ್ಟೊತ್ತಿಗೆ ಮೇಕೆ ಹುಡುಕಿ ಹಾಡಿ ಸೇರಿರುತ್ತಾನೆ ಅಂದುಕೊಂಡೆ. ಮರೆತಿದ್ದೆ ಅಂತ ಬರೆದರೆ ನನಗೆ ಸುಲಭ. ಮರೆತಿರಲಿಲ್ಲ.

ಕಾಫಿ ಅರ್ಧ ಕುಡಿದಿದ್ದೆ, ಕೂಗು ಕೇಳಿತು.

ಜಗಲಿಯಿಂದ ಪಂಪ್‌ಮನೆಗೆ ಮೂವತ್ತು ಹೆಜ್ಜೆ. ಕೂಗು ಕೇಳಿದ ಮೇಲೆ ಅಷ್ಟನ್ನೂ ಓಡಿದೆ. ಕಾಲು ಗಂಟೆ ಮೊದಲು ನಡೆದಿದ್ದರೆ ಸಾಕಿತ್ತು.

ಬೇಲಿಗೆ ಸಣ್ಣ ಶಾಕ್ ಕೊಡುವ ಸೋಲಾರಿನ ಡಬ್ಬಿ ಕೆಟ್ಟಿತ್ತು ಅಂತ ಪಂಪಿನ ಲೈನನ್ನೇ ಬೇಲಿಗೆ ಸೇರಿಸಿದವನೂ ನಾನೇ. ಅದು ಕೋರ್ಟಿಗೆ ಗೊತ್ತು. ಉಳಿದದ್ದು ಗೊತ್ತಿಲ್ಲ. ಸ್ವಿಚ್ ಹಾಕಿದವನು ನಾನೇ ಅಂದಾಗ ಮೊದಲು ನಿನ್ನನ್ನು ಉಳಿಸಲು ಅಂದೆ, ಅದು ನಿಜ. ಆಮೇಲೆ ನಿನ್ನ ಅವ್ವ ನನ್ನ ಕಾಲು ಮುಟ್ಟಿದಳು. ನೀನು ನನ್ನ ತಟ್ಟೆಗೆ ಮೊದಲು ಬಡಿಸಲು ಶುರು ಮಾಡಿದೆ. ನಾನು ನುಂಗಿಕೊಂಡು ಸುಮ್ಮನಾದೆ. ಮಗಳಿಗಾಗಿ ತಲೆ ಕೊಟ್ಟವನು ಅನ್ನಿಸಿಕೊಂಡು ಒಳಗೆ ಬಂದರೆ ಜೈಲು ಅಷ್ಟು ಭಾರ ಅನ್ನಿಸುವುದಿಲ್ಲ. ಆ ಸಮಾಧಾನವನ್ನು ನಿನ್ನ ಲೆಕ್ಕದಲ್ಲಿ ಉಂಡೆ. ನೀನು ಅಲ್ಲಿ ಕೊರಗುತ್ತಿದ್ದೀಯ ಅಂತ ಗೊತ್ತಿದ್ದೂ ಉಂಡೆ.

ನೀನು ನನಗೆ ಸಹಾಯವಾಗಲಿ ಅಂತ ಹಾಕಿದ ಸ್ವಿಚ್ಚನ್ನು ಆರಿಸಬೇಕಾಗಿದ್ದವನು ನಾನು. ನಿನ್ನ ಜಾಗದಲ್ಲಿ ನಾನು ಇಲ್ಲಿಲ್ಲ. ನನ್ನ ಜಾಗದಲ್ಲೇ ಇದ್ದೇನೆ. ವಕೀಲರ ಹತ್ತಿರ ಹೋಗಬೇಡ.

ಹತ್ತನೆಯ ಪ್ರಶ್ನೆಗೆ ಇದೇ ಉತ್ತರ. ಎಲ್ಲ ಬರೆದಿದ್ದೇನೆ, ಇನ್ನೇನೂ ಉಳಿದಿಲ್ಲ.

ಅಪ್ಪ

•

ಮೈಸೂರು ಕಾರಾಗೃಹ
26 ಅಕ್ಟೋಬರ್ 2025

ಸಿಂಚನಾ,

ದಸರಾ ಹೋಯಿತು, ದೀಪಾವಳಿಯೂ ಹೋಯಿತು. ನಿನ್ನ ಕಾಗದ ಬರಲಿಲ್ಲ. ಬರೆ ಅಂತ ಕೇಳುವ ಬಾಯಿ ನನಗಿಲ್ಲ. ನನ್ನ ಕಾಗದ ನಿನ್ನ ಕೈ ಸೇರಿತೋ ಇಲ್ಲವೋ, ಅಷ್ಟು ತಿಳಿದರೆ ಸಾಕು.

ನಿನ್ನ ಅವ್ವ ಹೋದ ವಾರ ಬಂದಿದ್ದಳು. ಯಾವಾಗಲೂ ನನಗೆ ಕೋಡುಬಳೆ ತರುತ್ತಿದ್ದವಳು ಬರಿಗೈಯಲ್ಲಿ ಬಂದಳು. ಗಾಜಿನ ಆ ಕಡೆ ನೆಲ ನೋಡುತ್ತಾ ಕೂತಿದ್ದಳು. ಹೊತ್ತು ಮುಗಿಯಿತು ಅಂತ ಪೇದೆ ಎಬ್ಬಿಸಿದಾಗ, ‘ಕೂಸು ನಂಗೆ ಕಾಗ್ದ ಓದಿ ಏಳ್ತು’ ಅಂದು ಎದ್ದು ಹೋದಳು.

ಹಾಗಾದರೆ ಸೇರಿದೆ.

ಅಪ್ಪ

•

ಹುಣಸೂರು
23 ನವೆಂಬರ್ 2025

ಅಪ್ಪಾ,

ಎರಡು ತಿಂಗಳು ಏನೂ ಬರೆಯಲಾಗಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ವಕೀಲರ ಹತ್ತಿರ ಹೋಗಲಿಲ್ಲ. ಹೊಂಗೆಯನ್ನೂ ದ್ಯಾವಣ್ಣನನ್ನೂ ಆಟದಿಂದ ತೆಗೆಸಿದೆ. ಪ್ರಮೀಳಾ ಯಾಕೆ ಅಂತ ಕೇಳಲಿಲ್ಲ.

ನಿನ್ನ ಮೇಲೆ ಸಿಟ್ಟು ಇದೆ. ಅದರ ಜೊತೆಗೆ, ನಿನ್ನ ಕಾಗದ ಓದಿದ ದಿನ ಐದು ವರ್ಷದ ಮೇಲೆ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದೆ ಅನ್ನುವುದೂ ನಿಜ. ಹಾಗೆ ನಿದ್ದೆ ಮಾಡಿದ್ದಕ್ಕೆ ಎದ್ದ ಮೇಲೆ ನಾಚಿಕೆಯಾಯಿತು. ಚಿಕ್ಕಮಾದಣ್ಣ ಸತ್ತದ್ದು ಹಾಗೇ ಇದೆಯಲ್ಲ. ಯಾರ ತಪ್ಪು ಅಂತ ನಾವಿಬ್ಬರೂ ಕಾಗದದಲ್ಲಿ ಹಂಚಿಕೊಂಡು ಕೂತಿದ್ದೆವು. ಕೆಂಪಕ್ಕನಿಗೆ ಏನೂ ಹೇಳಿರಲಿಲ್ಲ.

ಹೋದ ಭಾನುವಾರ ಹಾಡಿಗೆ ಹೋದೆ. ಕೆಂಪಕ್ಕ ಗುಡಿಸಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಗುರುತು ಹಿಡಿದು, ‘ಬಾ ಕೂಸು’ ಅಂದು ಚಾಪೆ ಸರಿಸಿದಳು. ಅವಳ ಮಗಳು ಮಾದೇವಿ ಒಳಗಿಂದ ಬಂದು ನಿಂತಳು. ಈಗ ಒಂಬತ್ತನೇ ತರಗತಿ. ನಾನು ಸ್ವಿಚ್ ಹಾಕಿದ್ದು ಹೇಳಿದೆ. ನೀನು ನೋಡಿಯೂ ಆರಿಸದೆ ಕೂತಿದ್ದು ಹೇಳಿದೆ. ಒಂಬತ್ತು ಗಂಟೆಯ ಮಾತನ್ನೂ ಹೇಳಿದೆ. ಕೆಂಪಕ್ಕ ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ.

‘ಒಂಬತ್ತು ಗಂಟೆ ಮಾತು ನಂಗೆ ಗೊತ್ತು’ ಅಂದಳು. ‘ಅವ ನಂಗೇಳೇ ಓದ. ಓಗಬ್ಯಾಡ, ಮೇಕೆ ನಾಳೀಕ್ ಉಡುಕುವ ಅಂದೆ. ಗೌಡ್ರು ಏಳವ್ರೆ, ಗೌಡ್ರು ಸುಳ್ಳೇಳಕ್ಕಿಲ್ಲ ಅಂದ.’

‘ಅದನ್ನ ಯಾರಿಗೂ ಹೇಳಲಿಲ್ವಾ ಕೆಂಪಕ್ಕ?’ ಅಂದೆ.

‘ಯಾರು ಕೇಳುದ್ರು? ಎಬ್ಬೆಟ್ಟು ಒತ್ತು ಅಂದ್ರು, ಒತ್ತುದೆ.’

ಅವಳು ಇನ್ನೊಂದು ಹಿಡಿ ಕಾಯಿ ಸುಲಿದಳು. ಆಮೇಲೆ ಒಂದು ಮಾತು ಹೇಳಿದಳು. ನೀನು ಎಲ್ಲ ಬರೆದಿದ್ದೇನೆ ಅಂದಿದ್ದೆ. ಇದನ್ನು ಬರೆದಿರಲಿಲ್ಲ.

‘ನಿಮ್ ಲಾಯರು ಕೋರ್ಟಲ್ಲಿ, ಸತ್ತೋನು ಕುಡ್ದು ಬಂದು ಬೇಲಿ ಮೇಲೆ ಬಿದ್ದ ಅಂದ್ರು. ನಿಮ್ಮಪ್ಪಾರು ಅಲ್ಲೇ ನಿಂತಿದ್ರು. ಅಲ್ಲ ಅನ್ನಲಿಲ್ಲ. ನನ್ ಗಂಡ ಒಂದು ದಿನವೂ ಕುಡ್ದೋನಲ್ಲ ಕೂಸು. ಅದು ಅವರಿಗೂ ಗೊತ್ತು, ಇಪ್ಪತ್ತು ವರ್ಷ ಅವರ ಒಲದಲ್ಲೇ ಗೇದವ್ನೆ. ಈಗ ಇಸ್ಕೂಲಲ್ಲಿ ಇವಳ್ನ, ಕುಡ್ದು ಸತ್ತೋನ ಮಗಳು ಅಂತಾರೆ.’

ಮಾದೇವಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ನಾನು ತಲೆ ಎತ್ತಲಿಲ್ಲ.

ಏನು ಮಾಡಲಿ ಅಂತ ಕೇಳಿದೆ. ಕೆಂಪಕ್ಕ ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ ಎದ್ದಳು. ‘ಅವ ಕುಡ್ದಿರ್ನಿಲ್ಲ ಅಂತ ಗೌಡ್ರ ಬಾಯಲ್ಲಿ ಕೇಳ್ಬೇಕು. ನಾನು ಕೇಳ್ಬೇಕು, ಇವಳೂ ಕೇಳ್ಬೇಕು. ಕರ್ಕೊಂಡ್ ಓಯ್ತೀಯ?’ ಅಂದಳು. ಹೂಂ ಅಂದೆ.

ಕ್ಷಮಿಸಿದ್ದಾಳೆ ಅಂತ ತಿಳಿಯಬೇಡ. ಅವಳು ಹಾಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ನಿನ್ನನ್ನು ಕ್ಷಮಿಸಿದ್ದೇನಾ ಅನ್ನುವುದನ್ನೂ ನನಗೆ ಇನ್ನೂ ಹೇಳಲು ಬರುವುದಿಲ್ಲ.

ಡಿಸೆಂಬರ್ ಮೂರು, ಬುಧವಾರಕ್ಕೆ ಭೇಟಿಯ ಅರ್ಜಿ ಹಾಕಿದ್ದೇನೆ. ನನ್ನ ಹೆಸರು, ಕೆಂಪಕ್ಕನ ಹೆಸರು, ಮಾದೇವಿಯ ಹೆಸರು ಬರೆದಿದ್ದೇನೆ. ಸಂಬಂಧ ಅನ್ನುವ ಕಡೆ ಅವರಿಬ್ಬರಿಗೆ ಏನು ಬರೆಯಬೇಕೋ ತಿಳಿಯದೆ, ಚಿಕ್ಕಮಾದುವಿನ ಹೆಂಡತಿ, ಚಿಕ್ಕಮಾದುವಿನ ಮಗಳು ಅಂತ ಬರೆದೆ. ಅಲ್ಲಿಯ ಸಾಹೇಬರಿಗೆ ಅರ್ಥವಾಗುತ್ತದೆ.

ನೀನು ನನ್ನನ್ನು ನೋಡಿ ಅಳಬೇಡ. ಕೆಂಪಕ್ಕ ಮೊದಲು ಮಾತಾಡಲಿ. ಮಾದೇವಿಗೆ ಕೇಳುವ ಹಾಗೆ, ಜೋರಾಗಿ ಉತ್ತರ ಹೇಳು.

ಸಿಂಚನಾ